ಬೋಜಣ್ಣನ ಮೂರನೆಯ ನೆನಪು

ತುಳಸಿ ದಳವನ್ನು ಗಿಂಡಿಯ ನೀರಿನಲ್ಲಿ ಅದ್ದಿ ತುಟಿಯ ಮೇಲೆ ಹಿಡಿದಾಗ ನೀರು ಒಳಗೆ ಹೋಗದೆ ಗಲ್ಲದ ಮೇಲಿಂದ ಇಳಿದುಹೋಯಿತು. ಸ್ವರ್ಣಲತಾ ಸೆರಗಿನ ತುದಿಯಿಂದ ಅದನ್ನು ಒರೆಸಲು ಬಗ್ಗಿದಳು.

“ಒರೆಸಬೇಡಿ ಮೇಡಂ,” ಎಂದಳು ಬೋಜಣ್ಣನ ಹೆಣದ ತಲೆಯ ಹತ್ತಿರ ಕೂತಿದ್ದ ಹೆಂಡತಿ ಗುಲಾಬಿ. “ಇನ್ನೊಮ್ಮೆ ಬಿಡಿ. ನಿಮ್ಮ ಕೈಯ ನೀರು ಇವರಿಗೆ ಮುಟ್ಟಬೇಕು. ಈ ಮನೆಯಲ್ಲಿ ನಿಮ್ಮ ಹೆಸರು ಹೇಳದ ದಿನ ಇರಲಿಲ್ಲ.”

ಇನ್ನೊಮ್ಮೆ ಬಿಟ್ಟಳು. ಈ ಸಲ ಎರಡು ಹನಿ ತುಟಿಯ ಸಂದಿಯಲ್ಲಿ ನಿಂತವು. ಸತ್ತವನ ಮುಖ ನೋಡಿ ಮನಸ್ಸಿನಲ್ಲಿ ಏನೋ ಹೇಳಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಆದರೆ ಗುಲಾಬಿಯ ಆ ಮಾತು ಕೇಳಿದ ಮೇಲೆ ಒಂದಕ್ಷರವೂ ಉಳಿಯಲಿಲ್ಲ. ಕೈ ಮುಗಿದು, ಬಾಗಿಲ ಬದಿಯ ಗೋಡೆಗೆ ಒರಗಿ ನಿಂತಳು.

ಹೊಯ್ಗೆಬಜಾರಿನ ಆ ಹೆಂಚಿನ ಮನೆಯ ಅಂಗಳದಲ್ಲಿ ಶಾಮಿಯಾನ ಕಟ್ಟಿದ್ದರು. ಭಜನಾ ಮಂದಿರದ ನಾಲ್ಕು ಜನ ಚಾಪೆಯ ಮೇಲೆ ಕೂತು, ತಾಳವನ್ನು ಹೆಚ್ಚು ಸದ್ದಾಗದಂತೆ ತಟ್ಟುತ್ತಾ, ಹರಿಯ ಹೆಸರನ್ನು ಒಂದೇ ಇಳಿದನಿಯಲ್ಲಿ ಹಾಡುತ್ತಿದ್ದರು. ಮನೆಯ ಹಿಂದೆ ಹೊಳೆ. ಅದರ ಆಚೆಯಿಂದ ಬೋಟೊಂದರ ಇಂಜಿನ್ ಸದ್ದು ಹಾಡಿನ ನಡುವೆ ಬಂದು ಹೋಗುತ್ತಿತ್ತು. ನೀಲಿ ಕುರ್ಚಿಗಳಲ್ಲಿ ಕೂತಿದ್ದ ಗಂಡಸರು ಸತ್ತವನ ಮಾತನ್ನೇ ಆಡುತ್ತಿದ್ದರು.

“ಇವನ ಹಾಗೆ ಪರೀಕ್ಷೆ ಬರೆದವರು ನಮ್ಮ ಕಡೆ ಯಾರೂ ಇಲ್ಲ ಮಾರಾಯ. ಮೂವತ್ತು ವರ್ಷ ಬರೆದಿದ್ದಾನೆ.”

“ಪಾಸಾದನಾ?”

“ಅದರಲ್ಲಿ ಪಾಸು ಫೇಲು ಇಲ್ವಂತೆ. ತಲೆ ಹೇಗೆ ಓಡ್ತದೆ ಅಂತ ಮಾತ್ರ ನೋಡುದಂತೆ.”

“ಹಾಗಾದ್ರೆ ನಾನೂ ಹೋಗ್ಬಹುದಿತ್ತಲ್ಲ.”

“ನಿನ್ನದು ಮೊದಲು ಓಡ್ಬೇಕಲ್ಲ.”

ಸ್ವರ್ಣಲತಾಳ ಜೊತೆ ವಾಮಂಜೂರಿನಿಂದ ಬಂದಿದ್ದ ಕಮಲೇಶ್ ಇದನ್ನು ಕೇಳಿ ನಗಬೇಕೋ ಬಾರದೋ ಎಂದು ಅವಳ ಮುಖ ನೋಡಿದ. ಮನಶ್ಶಾಸ್ತ್ರ ವಿಭಾಗಕ್ಕೆ ಎರಡು ವರ್ಷದ ಹಿಂದೆ ಸೇರಿದ ಹುಡುಗ. ಅವನ ಸಂಶೋಧನೆಯ ವಿಷಯ ಅಗಲಿಕೆ ಮತ್ತು ಶೋಕ. ಆದರೆ ಸಾವಿನ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ಯಾರಿಗೆ ಮೊದಲು ಕೈ ಮುಗಿಯಬೇಕು ಎಂಬುದನ್ನು ಅವಳೇ ಹೇಳಿಕೊಡಬೇಕಾಯಿತು.

“ನಿನ್ನೆ ಸಂಜೆ ಎದೆ ಉರಿ ಅಂದರು,” ಗುಲಾಬಿ ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದಳು. “ಜೀರಿಗೆ ನೀರು ಕುದಿಸಿ ತರುವಷ್ಟರಲ್ಲಿ ಕುರ್ಚಿಯಲ್ಲೇ ವಾಲಿದ್ದರು. ಯಾರಿಗೂ ಕಷ್ಟ ಕೊಡಲಿಲ್ಲ. ಒಂದು ಮಾತು ಮಾತ್ರ ಮೊನ್ನೆ ಮೊನ್ನೆ ಹೇಳಿದ್ದರು. ನಾನು ಹೋಗುವಾಗ ಮೊದಲ ಹೆಗಲಿಗೆ ಅಶ್ರಫ್ ಬೇಕು ಅಂತ.”

ಸ್ವರ್ಣಲತಾ ಒರಗಿದ್ದ ಗೋಡೆಯಿಂದ ಬೆನ್ನು ತೆಗೆದಳು.

ಅಶ್ರಫ್ ಆಗಲೇ ಬಂದಿದ್ದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಬೋಜಣ್ಣನ ಮಗ ರಂಜಿತನ ಜೊತೆ ಸೇರಿ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು. ಅವನು ಯಾರ ಮಗ, ಯಾಕೆ ಬಂದಿದ್ದಾನೆ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನನ್ನು ಆ ಅಂಗಳಕ್ಕೆ ತಂದವಳು ಅವಳೇ.

*

ಇಪ್ಪತ್ತೆರಡು ವರ್ಷದ ಹಿಂದೆ ವಿಭಾಗವೆಂದರೆ ವಾಮಂಜೂರಿನ ಕಾಲೇಜಿನ ಮಹಡಿಯ ಮೂರು ಕೋಣೆ. ಕಿಟಕಿಯಾಚೆ ಗದ್ದೆ. ನೇಜಿ ನೆಡುವ ಹೆಂಗಸರ ಹಾಡು ಪಾಠದ ನಡುವೆ ಒಳಗೆ ಬರುತ್ತಿತ್ತು. ಮೆಟ್ಟಿಲ ಬಾಯಿಯಲ್ಲಿ ಸ್ಟೂಲ್ ಹಾಕಿ ಕೂತ ಅಟೆಂಡರ್ ಬೋಜಣ್ಣ, ಹತ್ತಿ ಬಂದವರನ್ನು ಆಸ್ಪತ್ರೆಯವರ ಹಾಗೆ ವಿಚಾರಿಸುತ್ತಿದ್ದ: “ಯಾರು ಬೇಕು? ಮಕ್ಕಳದ್ದಾ, ನಿದ್ರೆಯದ್ದಾ, ನೆನಪಿನದ್ದಾ?” ಮಕ್ಕಳದ್ದು ಎಂದರೆ ವಿಭಾಗದ ಮುಖ್ಯಸ್ಥೆ ಮಟಿಲ್ಡಾ ಮೇಡಂ. ನಿದ್ರೆಯದ್ದು ರಾತ್ರಿಪಾಳಿಯ ಕಾರ್ಮಿಕರ ಮೇಲೆ ಕೆಲಸ ಮಾಡುತ್ತಿದ್ದ ಮುಖೇಶ್ ಸರ್. ನೆನಪಿನದ್ದು ಸ್ವರ್ಣಲತಾ.

ಪ್ರಯೋಗಾಲಯದ ಬೀಗ, ಸ್ಟಾಪ್‌ವಾಚು, ಕನ್ನಡಿಯಲ್ಲಿ ನೋಡಿ ನಕ್ಷತ್ರ ಬಿಡಿಸುವ ಪೆಟ್ಟಿಗೆ ಎಲ್ಲವೂ ಅವನ ಸುಪರ್ದಿಯಲ್ಲಿದ್ದವು. ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಲು ಜನ ಸಿಗದಿದ್ದರೆ ಅವನೇ ಕೂರುತ್ತಿದ್ದ. ಒಂದೇ ಬುದ್ಧಿಮತ್ತೆಯ ಪರೀಕ್ಷೆಯನ್ನು ಎಷ್ಟೋ ಸಲ ಮಾಡಿ ಮಾಡಿ, ವರ್ಷ ಹೋದ ಹಾಗೆ ಅವನ ಬುದ್ಧಿ ಕಾಗದದ ಮೇಲೆ ಏರುತ್ತಲೇ ಹೋಯಿತು. ಕೊನೆಗೆ ಮುಖೇಶ್ ಸರ್, “ಬೋಜಣ್ಣ, ಈ ಲೆಕ್ಕದಲ್ಲಿ ನಾವೆಲ್ಲ ನಿಮ್ಮ ಕೈಕೆಳಗೆ ಕೆಲಸ ಮಾಡ್ಬೇಕು,” ಎಂದಿದ್ದರು.

ನೆನಪಿನ ಯಂತ್ರದ ಕಿಂಡಿಯಲ್ಲಿ ಒಂದೊಂದಾಗಿ ಬರುವ ಅರ್ಥವಿಲ್ಲದ ಅಕ್ಷರಗಳನ್ನು ಕಲಿಯುವ ಪ್ರಯೋಗವೊಂದಿತ್ತು. ಉಳಿದವರು ತಿಣುಕಾಡಿ ಏಳೆಂಟು ಹೇಳಿದರೆ ಇವನು ಹನ್ನೆರಡಕ್ಕೆ ಹನ್ನೆರಡೂ ಒಪ್ಪಿಸುತ್ತಿದ್ದ. ಹೇಗೆಂದು ಕೇಳಿದಾಗ ನಾಚಿಕೊಂಡು, ಆ ಅಕ್ಷರಗಳಿಗೆ ಭಜನೆಯ ಧಾಟಿ ಹಾಕಿ ಹಾಡಿ ತೋರಿಸಿದ್ದ. “ರಾಗ ಇದ್ರೆ ಅರ್ಥ ಮತ್ತೆ ಬರ್ತದೆ ಮೇಡಂ. ಸಣ್ಣದಿರುವಾಗ ಮಂದಿರದಲ್ಲಿ ಪುರಾಣ ಓದುದನ್ನು ಕೇಳ್ತಿದ್ದದ್ದು ಹಾಗೆಯೇ ಅಲ್ವಾ?”

ಸ್ವರ್ಣಲತಾಳ ಪಿಎಚ್‌ಡಿಯ ಪ್ರಯೋಗಕ್ಕೆ ಇಪ್ಪತ್ತನಾಲ್ಕು ಜನ ಬೇಕಿತ್ತು. ಪ್ರತಿಯೊಬ್ಬರಿಗೂ ಬಾಲ್ಯದ ನಾಲ್ಕು ಘಟನೆ ಬರೆದ ಒಂದು ಹಾಳೆ ಕೊಡುವುದು. ಮೂರು ನಿಜವಾದವು, ಮನೆಯ ಹಿರಿಯರನ್ನು ಕೇಳಿ ಬರೆದವು. ಮೂರನೆಯದು ಮಾತ್ರ ಸುಳ್ಳು, ಅವಳೇ ಕಟ್ಟಿದ್ದು. ವಾರಕ್ಕೊಮ್ಮೆಯಂತೆ ಮೂರು ಸಲ ಕೂರಿಸಿ, “ಏನು ನೆನಪಾಗುತ್ತದೆ, ಹೇಳಿ” ಎಂದು ಕೇಳುವುದು. ನಡೆಯದ್ದೂ ನೆನಪಾಗುತ್ತದೆಯೇ ಎಂದು ನೋಡುವುದು. ಎಲ್ಲ ಮುಗಿದ ಮೇಲೆ ಎದುರು ಕೂತು, ಇಂಥದ್ದು ಸುಳ್ಳು, ನಾನು ಬರೆದದ್ದು, ಕ್ಷಮಿಸಿ ಎಂದು ಹೇಳುವುದು. ಈ ಕೊನೆಯದು ಆಗದಿದ್ದರೆ ಪ್ರಯೋಗ ಮುಗಿದ ಲೆಕ್ಕವೇ ಇಲ್ಲ.

ಇಪ್ಪತ್ತನಾಲ್ಕನೆಯವರು ಕೈಕೊಟ್ಟರು. ಬೋಜಣ್ಣ ತಾನೇ ಬಂದು ಕೂತ.

ಅವನ ಅಕ್ಕ ಮುದ್ದಕ್ಕನನ್ನು ಕಂಡು ನಿಜದ ಮೂರು ಘಟನೆ ಕೇಳಿಕೊಂಡಳು. ಹಾಳೆಯಲ್ಲಿ ಮೂರನೆಯದಾಗಿ ಬರಬೇಕಾದ ಸುಳ್ಳನ್ನು ಹೀಗೆ ಬರೆದಳು: ಐದು ವರ್ಷದವರಿದ್ದಾಗ ದಕ್ಕೆಯ ಮೀನಿನ ಸಂತೆಯಲ್ಲಿ ನೀವು ತಪ್ಪಿಸಿಕೊಂಡಿರಿ. ಗುರುತಿಲ್ಲದ ಬ್ಯಾರಿ, ಮುಸ್ಲಿಂ ವ್ಯಾಪಾರಿ ಒಬ್ಬರು ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಲುಪಿಸಿದರು.

ಮೊದಲ ವಾರ ಬೋಜಣ್ಣ ತಲೆ ಕೆರೆದುಕೊಂಡ. ಎರಡನೆಯ ವಾರ ಆ ಮನುಷ್ಯನ ಹಸಿರು ಬೆಲ್ಟು ಕಂಡಿತು, ಒಣಮೀನಿನ ಮೇಲೆ ಅತ್ತರಿನ ವಾಸನೆ ಬಂತು. ಮೂರನೆಯ ವಾರ, “ಬಲಗಿವಿಯ ಹಿಂದೆ ಕಡಲೆಯಷ್ಟು ದೊಡ್ಡ ಮಚ್ಚೆ ಇತ್ತು ಮೇಡಂ. ಮೇಲೆ ಕೂತವನಿಗೆ ಅದೇ ಕಾಣ್ತಿತ್ತು. ದಾರಿಯುದ್ದಕ್ಕೂ ನಾನು ಅದನ್ನು ಒತ್ತುತ್ತಿದ್ದೆ,” ಎಂದು ಹೇಳಿ ಕಣ್ಣೊರೆಸಿಕೊಂಡ. ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಇಪ್ಪತ್ತನಾಲ್ಕು ಜನರಲ್ಲಿ ಅಷ್ಟು ಚಂದದ ನೆನಪು ಮತ್ತೊಬ್ಬರಿಗೆ ಬರಲಿಲ್ಲ. ಸ್ವರ್ಣಲತಾಳಿಗೆ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿಯನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

*

“ಮೇಡಂ, ಕೂತ್ಕೊಳ್ಳಿ,” ಎಂದು ಯಾರೋ ಕುರ್ಚಿ ಸರಿಸಿದರು. ಅವಳು ಕೂರಲಿಲ್ಲ.

ಚಟ್ಟ ಸಿದ್ಧವಾಗಿತ್ತು. ಹೆಣಕ್ಕೆ ಬಿಳಿಬಟ್ಟೆ ಹೊದಿಸಿ ಆಗಿತ್ತು. ಗುರಿಕಾರರು, ಎಂದರೆ ಅಲ್ಲಿನ ಮೊಗವೀರರ ಕೂಟಕ್ಕೆ ಹಿರಿಯರು, ನಾಲ್ಕು ಜನರ ಹೆಸರು ಹೇಳಿ ನಿಲ್ಲಿಸುತ್ತಿದ್ದರು. ಅಶ್ರಫ್ ರಂಜಿತನ ಪಕ್ಕ ಬಂದು ನಿಂತದ್ದನ್ನು ನೋಡಿ ಅವನ ಭುಜದ ಮೇಲೆ ಕೈಯಿಟ್ಟರು.

“ಅಶ್ರಫ್, ಬೇಸರ ಮಾಡ್ಬೇಡ. ದಾರಿಯಲ್ಲಿ ಯಾರು ಹೆಗಲು ಕೊಟ್ಟರೂ ನನಗೆ ಎಂತದೂ ಇಲ್ಲ. ಆದ್ರೆ ಮನೆಯೊಳಗಿಂದ ಎತ್ತುವ ನಾಲ್ಕು ಜನ ಮನೆಯವರೇ ಆಗ್ಬೇಕು ಅಂತ ನಮ್ಮಲ್ಲಿ ಉಂಟು. ನಾಳೆ ಕೂಟದಲ್ಲಿ ಯಾರಾದ್ರೂ ಎದ್ದು ಕೇಳಿದ್ರೆ ನಾನು ಒಂದು ಕಾರಣ ಹೇಳ್ಬೇಕಲ್ಲ?”

“ಕಾರಣ ಉಂಟು ಗುರಿಕಾರ್ರೆ,” ಎಂದಳು ಗುಲಾಬಿ ಕೂತಲ್ಲಿಂದಲೇ. “ಇವನ ಅಪ್ಪ ಅಹ್ಮದ್ ಬಾವ ಇಲ್ಲದಿದ್ರೆ ಈ ಮನುಷ್ಯ ಐದು ವರ್ಷಕ್ಕೇ ಹೋಗಿ ಆಗ್ತಿತ್ತು. ದಕ್ಕೆಯಿಂದ ಹೆಗಲ ಮೇಲೆ ಕೂರಿಸಿ ಮನೆಗೆ ತಂದದ್ದು ಅವರು. ಅದಕ್ಕೇ ಇವರು ಹೀಗೆ ಹೇಳಿದ್ದು.”

“ಅದು ನೀನು ಹೇಳುವ ಕತೆ ಗುಲಾಬಿ. ನೋಡಿದವರು ಯಾರುಂಟು ಈಗ? ಮುದ್ದಕ್ಕ, ನೀವು ಅಕ್ಕ ಅಲ್ವಾ, ನೀವು ಹೇಳಿ.”

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಎಂಬತ್ತರ ಮುದುಕಿ ಎಲೆಯಡಿಕೆಯನ್ನು ಬಾಯಿಯಲ್ಲಿ ಆಚೆಯಿಂದೀಚೆಗೆ ಮಾಡಿದಳು. ಅವಳ ದೃಷ್ಟಿ ಗುರಿಕಾರರನ್ನು ದಾಟಿ ಸ್ವರ್ಣಲತಾಳ ಮೇಲೆ ಬಂದು ನಿಂತಿತು.

“ಮೇಡಂ ಇರುವಾಗ ನಾನು ಮಾತಾಡುದು ಸರಿ ಅಲ್ಲ,” ಎಂದಳು.

“ಹೌದು, ಮೇಡಂ ಉಂಟಲ್ಲ!” ಗುಲಾಬಿಗೆ ಧೈರ್ಯ ಬಂತು. “ನೋಡಿದವರು ಇಲ್ಲದಿದ್ರೆ ಎಂತಾಯ್ತು, ಬರೆದವರು ಉಂಟು. ಮೇಡಂನ ದೊಡ್ಡ ಪುಸ್ತಕದಲ್ಲಿ ಉಂಟು ಅದು. ಯೂನಿವರ್ಸಿಟಿಯವರು ಒಪ್ಪಿ ಡಾಕ್ಟರ್ ಅಂತ ಹೆಸರು ಕೊಟ್ಟದ್ದು ಸುಮ್ಮನೆಯಾ?”

ಗುರಿಕಾರರು ತಿರುಗಿ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡರು. “ಮೇಡಂ, ನೀವು ಓದಿದವರು. ನೀವು ಹೌದು ಅಂದ್ರೆ ಹೌದು. ಮತ್ತೆ ನಾನು ಯಾರ ಹತ್ತಿರವೂ ಕೇಳುದಿಲ್ಲ.”

ಹಾಡುವವರು ಒಂದು ಪದ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳದೆ ತಾಳ ಕೆಳಗಿಟ್ಟರು.

*

ಸತ್ಯ ತಿಳಿಸಬೇಕಾದ ಸೋಮವಾರ ಅವಳು ಎಲ್ಲಕ್ಕಿಂತ ಮೊದಲು ಬೋಜಣ್ಣನನ್ನೇ ಕರೆಯಬೇಕೆಂದು ಬಂದಿದ್ದಳು. ಅವನು ಮೆಟ್ಟಿಲ ಬಾಯಿಯಲ್ಲೇ ಕಾಯುತ್ತಿದ್ದ. ಕೈಯಲ್ಲಿ ಕಾಗದ ಸುತ್ತಿದ ಒಂದು ಪೊಟ್ಟಣ.

“ಸಿಕ್ಕಿದ್ರು ಮೇಡಂ!”

“ಯಾರು ಬೋಜಣ್ಣ?”

“ಅವರೇ! ನಿನ್ನೆ ಆದಿತ್ಯವಾರ ಇಡೀ ಬಂದರು ಸುತ್ತಿದೆ. ಅಹ್ಮದ್ ಬಾವ ಅಂತ. ಒಣಮೀನಿನ ಅಂಗಡಿ. ಬಲಗಿವಿಯ ಹಿಂದೆ ಮಚ್ಚೆ ಹಾಗೆಯೇ ಉಂಟು. ನಾನು ಕಾಲು ಹಿಡಿದೆ. ಮುಖ ಮರೆತುಹೋಗಿತ್ತು ಮೇಡಂ, ನೀವು ನೆನಪು ಮಾಡಿಸಿದ್ರಿ. ಇದು ಅವರ ಮನೆಯ ಹಲ್ವ. ನಿಮಗೆ ಅಂತ ಕೊಟ್ಟಿದ್ದಾರೆ.”

ಅವಳು ಪೊಟ್ಟಣ ತೆಗೆದುಕೊಂಡಳು. ಹೇಳಬೇಕಾಗಿದ್ದುದು ಒಂದೇ ವಾಕ್ಯ. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬುಧವಾರವಾಯಿತು, ಬುಧವಾರ ಮುಂದಿನ ವಾರವಾಯಿತು. ಅಷ್ಟರಲ್ಲಿ ಬೋಜಣ್ಣ ಪ್ರತಿ ಶುಕ್ರವಾರ ಅಹ್ಮದ್ ಬಾವರ ಮನೆಗೆ ಹಸಿಮೀನು ಕೊಂಡುಹೋಗಲು ಶುರುಮಾಡಿದ್ದ. ಗುಲಾಬಿ ಈ ಕತೆಯನ್ನು ಭಜನಾ ಮಂದಿರದಲ್ಲಿ ಹೇಳಿದ್ದಳು, ಕೇಳಿದವರೆಲ್ಲ ಕಣ್ಣಲ್ಲಿ ನೀರು ಹಾಕಿದ್ದರು. ಇನ್ನು ಹೇಳಿದರೆ ಎರಡು ಮನೆಗಳ ಮುಖ ಏನಾಗಬಹುದು ಎಂದು ಯೋಚಿಸುತ್ತಾ ಅವಳು ಪ್ರಬಂಧ ಬರೆದು ಮುಗಿಸಿದಳು. ಅದರ ಮೂರನೆಯ ಅಧ್ಯಾಯದಲ್ಲಿ, ‘ಭಾಗವಹಿಸಿದ ಎಲ್ಲರಿಗೂ ಕೊನೆಯಲ್ಲಿ ಸತ್ಯವನ್ನು ತಿಳಿಸಲಾಯಿತು’ ಎಂದು ಒಂದು ಸಾಲು ಬರೆದಳು. ಮಟಿಲ್ಡಾ ಮೇಡಂ ಅದರ ಪಕ್ಕ ಸರಿ ಎಂದು ಗುರುತು ಹಾಕಿದರು.

ಆಮೇಲೆ ಪ್ರತಿ ವರ್ಷ ಜುಲೈಯಲ್ಲಿ ಎಂ.ಎಸ್ಸಿ ಮಕ್ಕಳಿಗೆ ಸಂಶೋಧನಾ ನೀತಿಯ ಪಾಠ. ವಿಭಾಗದ ವೆಬ್‌ಸೈಟಿನಲ್ಲಿ ಅವಳ ಹೆಸರಿನ ಕೆಳಗೆ ‘ಆಸಕ್ತಿ: ಸ್ಮೃತಿ, ಸಂಶೋಧನಾ ನೀತಿ’ ಎಂದು ಹಾಕಿದ್ದರು. “ನಾವು ಒಬ್ಬರಿಗೆ ಸುಳ್ಳು ಹೇಳಿದ್ದರೆ, ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳುವಂತೆ ಮಾಡಬಾರದು,” ಎಂದು ಹೇಳುವಾಗ ಅವಳು ಹಿಂದಿನ ಬೆಂಚಿನ ಕಡೆ ನೋಡುತ್ತಿರಲಿಲ್ಲ. ಅಲ್ಲಿ ಹಾಜರಿ ಪುಸ್ತಕ ಹಿಡಿದು ಬೋಜಣ್ಣ ನಿಂತಿರುತ್ತಿದ್ದ. ಬೇರೆ ಪಾಠಗಳ ಹೊತ್ತಿಗೆ ಪುಸ್ತಕ ಮೇಜಿನ ಮೇಲಿಟ್ಟು ಹೋಗುತ್ತಿದ್ದವನು, ಅದೊಂದು ಪಾಠದ ದಿನ ಕೊನೆಯವರೆಗೆ ನಿಂತು, ಪುರಾಣ ಕೇಳುವವನ ಹಾಗೆ ತಲೆ ಸ್ವಲ್ಪ ಬಾಗಿಸಿ ಕೇಳುತ್ತಿದ್ದ.

*

ಹೌದು ಎಂಬ ಒಂದು ಮಾತು ಸಾಕಿತ್ತು. ಅಶ್ರಫನಿಗೆ ಹೆಗಲು ಸಿಗುತ್ತಿತ್ತು, ಗುಲಾಬಿಯ ಮಾತು ಉಳಿಯುತ್ತಿತ್ತು, ಗುರಿಕಾರರಿಗೆ ಕಾರಣ ಸಿಗುತ್ತಿತ್ತು. ಇಲ್ಲ ಎಂದರೆ ಇಷ್ಟೂ ಹೋಗುತ್ತದೆ. ಸ್ವರ್ಣಲತಾ ಬಿಳಿಬಟ್ಟೆಯಿಂದ ಹೊರಗಿದ್ದ ಆ ಮುಖವನ್ನು ನೋಡಿದಳು. ಇನ್ನು ಅರ್ಧ ಗಂಟೆಯಲ್ಲಿ ಅದೂ ಇರುವುದಿಲ್ಲ.

“ಇಲ್ಲ ಗುರಿಕಾರ್ರೆ,” ಎಂದಳು. ಪಾಠ ಮಾಡಿ ಪಳಗಿದ ದನಿ ಎಲ್ಲೋ ಹೋಗಿತ್ತು. “ಅದು ನಡೆದದ್ದಲ್ಲ. ನಾನು ಬರೆದದ್ದು.”

“ಬರೆದದ್ದು ಅಂದ್ರೆ?”

“ಕಟ್ಟಿದ್ದು. ಸುಳ್ಳು ನೆನಪು ಬರ್ತದಾ ಅಂತ ನೋಡ್ಲಿಕ್ಕೆ ಬೋಜಣ್ಣನಿಗೆ ಒಂದು ಸುಳ್ಳು ಕತೆ ಕೊಟ್ಟೆ. ಅವರಿಗೆ ಅದು ನೆನಪಾಯಿತು. ಆಮೇಲೆ ಸುಳ್ಳು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ. ಹೇಳಿದ್ದೇನೆ ಅಂತ ಪುಸ್ತಕದಲ್ಲಿ ಬರೆದೆ. ಅವರು ತಪ್ಪಿಸಿಕೊಳ್ಳಲೂ ಇಲ್ಲ, ಅವರನ್ನು ಯಾರೂ ಎತ್ತಿಕೊಂಡು ಬರಲೂ ಇಲ್ಲ.” ಅವಳು ಅಶ್ರಫನ ಕಡೆ ತಿರುಗಿದಳು. “ನಿಮ್ಮ ಅಪ್ಪನನ್ನೂ ನಾನೇ ಇದರೊಳಗೆ ಎಳೆದದ್ದು. ಕ್ಷಮಿಸಿ.”

ಕಮಲೇಶ್ ನೆಲ ನೋಡುತ್ತಿದ್ದ. ಗುಲಾಬಿಯ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು.

ಅಶ್ರಫ್ ಮಾತ್ರ ತಲೆಯ ಮೇಲಿನ ಟೊಪ್ಪಿ ಸರಿಮಾಡಿಕೊಂಡು, ಅವಳಿಗೇ ಸಮಾಧಾನ ಮಾಡುವವನ ಹಾಗೆ ಒಂದು ಹೆಜ್ಜೆ ಮುಂದೆ ಬಂದ.

“ಮೇಡಂ, ಬೋಜಣ್ಣನಿಗೆ ಗೊತ್ತಿತ್ತು.”

“ಎಂತ?”

“ಎಲ್ಲ. ಆ ವರ್ಷವೇ ಗೊತ್ತಾಗಿತ್ತು. ಮೊದಲ ದಿನ ಮನೆಗೆ ಬಂದು ಅಪ್ಪನ ಕಾಲು ಹಿಡಿದು ಅಳ್ಲಿಕ್ಕೆ ಶುರು ಮಾಡಿದ್ರು. ಅಷ್ಟು ಅಳುವವನ ಹತ್ತಿರ ‘ನಾನಲ್ಲ’ ಅಂತ ಹೇಗೆ ಹೇಳುದು? ‘ಇರಬಹುದು ಮೋನೆ, ಇರಬಹುದು ಮಗ’ ಅಂದ್ರು ಅಪ್ಪ. ಮತ್ತೆ ಎರಡು ತಿಂಗಳು ಅಪ್ಪನಿಗೆ ನಿದ್ರೆ ಇಲ್ಲ. ಸುಳ್ಳು ಹೇಳಿ ಆ ಮನುಷ್ಯನ ಮೀನು ತಿಂತಾ ಇದ್ದೇನೆ ಅಂತ. ರಂಜಾನ್ ಬಂತು. ಉಪವಾಸ ಹಿಡಿದು ಸುಳ್ಳು ಇಟ್ಕೊಳ್ಲಿಕ್ಕೆ ಆಗುದಿಲ್ಲ ಅಂತ ಬೋಜಣ್ಣನನ್ನು ಕರೆಸಿ ಹೇಳಿಯೇಬಿಟ್ರು. ‘ನೀನು ಐದು ವರ್ಷದವ ಆಗಿದ್ದಾಗ ನಾನು ಬೊಂಬಾಯಿಯ ಹೋಟೆಲಲ್ಲಿ ತಟ್ಟೆ ತೊಳೀತಿದ್ದೆ’ ಅಂತ.”

“ಅಲ್ಲಿಂದ ಸೀದಾ ನನ್ನ ಹತ್ತಿರ ಬಂದ,” ಎಂದಳು ಮುದ್ದಕ್ಕ ಮೂಲೆಯಿಂದ. “ನಿಜ ಹೇಳು ಅಕ್ಕಾ ಅಂದ. ಹೀಗೊಂದು ಸುಳ್ಳು ಬರೀತೇನೆ, ಬೇರೆ ಯಾರಿಗೂ ಹೇಳಬೇಡಿ ಅಂತ ಮೇಡಂ ಮೊದಲೇ ನನ್ನ ಹತ್ತಿರ ಹೇಳಿದ್ರು. ತಮ್ಮ ಬೇರೆಯವನಾ? ಹೇಳಿದೆ.”

“ಮರುದಿನ ಇಬ್ಬರೂ ಅಂಗಡಿಯಲ್ಲಿ ಕೂತು ನಕ್ಕದ್ದು ನಕ್ಕದ್ದೇ,” ಅಶ್ರಫನ ಮುಖದಲ್ಲೂ ಆ ನಗುವಿನ ನೆರಳು ಬಂತು. “ಅಪ್ಪ ಹೇಳಿದ್ರು, ‘ನಾನು ಅಲ್ಲಿದ್ದಿದ್ರೆ ಎತ್ಕೊಂಡು ಬರ್ತಿದ್ದೆ ಮಾರಾಯ. ಆದ್ರೆ ನೀನು ತಪ್ಪಿಸ್ಕೊಳ್ಬೇಕಲ್ಲ ಮೊದಲು?’ ಮುಂದಿನ ಶುಕ್ರವಾರವೂ ಮೀನು ಬಂತು ಮೇಡಂ. ಯಾವ ಶುಕ್ರವಾರವೂ ತಪ್ಪಲಿಲ್ಲ.”

ಸ್ವರ್ಣಲತಾ ಹಿಂದೆ ಇಟ್ಟಿದ್ದ ಕುರ್ಚಿಯನ್ನು ಕೈಯಿಂದ ಹುಡುಕಿ ಕೂತಳು. ಎದೆಯಿಂದ ಉಸಿರು ಹೊರಟಿತು. ಅದು ಎಷ್ಟು ಉದ್ದ ಇತ್ತೆಂದರೆ, ಆ ಉಸಿರನ್ನು ಅವಳು ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದಳೋ ಅವಳಿಗೇ ತಿಳಿಯಲಿಲ್ಲ.

ಈಗ ಗುಲಾಬಿಗೆ ಮಾತು ಬಂತು. ಅವಳು ಮೇಡಂನನ್ನಲ್ಲ, ಸತ್ತವನನ್ನು ಹಿಡಿದುಕೊಂಡಳು.

“ಅಯ್ಯೋ, ನನಗೆ ಹೇಳ್ಲಿಲ್ಲ! ಊರಿಡೀ ನಾನು ಹೇಳ್ತಾ ಬಂದೆ, ಪಕ್ಕದಲ್ಲೇ ಕೂತು ಹೂಂ ಹೂಂ ಅಂತ ತಲೆ ಆಡಿಸಿದ್ರಿ. ಮಂದಿರದಲ್ಲಿ ಮೈಕಿನಲ್ಲಿ ಹೇಳಿದ್ದೇನೆ ನಾನು! ಎಂಥ ಮನುಷ್ಯ ನೀವು?” ಬಿಳಿಬಟ್ಟೆಯ ಮೇಲಿಂದ ಅವನ ತೋಳಿಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟಳು. ಕೊಟ್ಟ ಕೈಯನ್ನು ಅಲ್ಲಿಂದ ತೆಗೆಯದೆ ಆ ತೋಳನ್ನೇ ಸವರುತ್ತಾ ಅಳತೊಡಗಿದಳು.

“ನಿನಗೆ ಹೇಳಿದ್ರೆ ಸಂಜೆಯೊಳಗೆ ಮೇಡಂಗೆ ಮುಟ್ಟುತ್ತಿತ್ತು,” ಎಂದಳು ಮುದ್ದಕ್ಕ.

ಗುರಿಕಾರರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಅದೆಲ್ಲ ಸರಿ. ಈಗ ನನ್ನ ಕಾರಣ ಬಿದ್ದುಹೋಯಿತಲ್ಲ ಅಶ್ರಫ್?”

“ಕಾರಣ ಇಲ್ಲ ಗುರಿಕಾರ್ರೆ. ಆರು ವರ್ಷದ ಹಿಂದೆ ಅಪ್ಪ ಹೋದಾಗ ಬೋಜಣ್ಣ ಮನೆಯಿಂದ ಕಬರಸ್ಥಾನದವರೆಗೆ ಹೆಗಲು ಕೊಟ್ಟಿದ್ದಾರೆ. ಇವರು ಯಾರು ಅಂತ ನಮ್ಮಲ್ಲೂ ಒಬ್ಬರು ಕೇಳಿದ್ರು. ನಮ್ಮ ಬೋಜಣ್ಣ ಅಂದೆ. ಮತ್ತೆ ಯಾರೂ ಕೇಳ್ಲಿಲ್ಲ.”

ಗುರಿಕಾರರು ಹಣೆ ಚಚ್ಚಿಕೊಂಡರು. “ಮತ್ತೆ ಅದನ್ನು ಮೊದಲೇ ಹೇಳುದಲ್ವಾ ಮಾರಾಯ! ಅಷ್ಟು ಉದ್ದದ ಕತೆ ಎಂತಕ್ಕೆ ಬೇಕಿತ್ತು?” ಎಂದು ಗದರಿ, “ರಂಜಿತ್, ನೀನು ಮುಂದೆ ಬಲಕ್ಕೆ. ಅಶ್ರಫ್ ಎಡಕ್ಕೆ. ನೀವಿಬ್ಬರು ಹಿಂದೆ. ಹೊತ್ತಾಯ್ತು, ಎತ್ತಿ,” ಎಂದರು.

ತಾಳಗಳು ಈ ಸಲ ಗಟ್ಟಿಯಾಗಿಯೇ ಬಿದ್ದವು. ಹೊಸಿಲು ದಾಟುವಾಗ ಅಶ್ರಫ್ ರಂಜಿತನಿಗಿಂತ ಎತ್ತರವಿದ್ದುದರಿಂದ ಚಟ್ಟ ಬಲಕ್ಕೆ ವಾಲಿತು. ಅವನು ಮಂಡಿ ಸ್ವಲ್ಪ ಬಗ್ಗಿಸಿ, ಹಾಗೆ ಬಗ್ಗಿಕೊಂಡೇ ನಡೆದ. ಗಲ್ಲಿಯ ತಿರುವಿನವರೆಗೂ ಅವನ ಬಗ್ಗಿದ ನಡಿಗೆ ಕಾಣುತ್ತಿತ್ತು.

ಕಮಲೇಶ್ ಚಪ್ಪಲಿ ಹಾಕಿಕೊಳ್ಳದೆ ಹಿಂದೆ ಹೊರಟವನು ಅವಳ ಹತ್ತಿರ ನಿಂತ. “ಮೇಡಂ, ನಾನು ಇಲ್ಲಿ ಕೇಳಿದ್ದು ಇಲ್ಲಿಗೇ.”

“ಬೇಡ ಕಮಲೇಶ್. ನಾಳೆ ಯೂನಿವರ್ಸಿಟಿಗೆ ಒಂದು ತಿದ್ದುಪಡಿಯ ಪತ್ರ ಬರೀಬೇಕು. ನೀವು ಕೂತು ಓದಿ ನೋಡಿ.”

“ಇಪ್ಪತ್ತೆರಡು ವರ್ಷ ಆಯ್ತಲ್ಲ ಮೇಡಂ.”

“ಅದಕ್ಕೇ.”

ಅವನು ತಲೆಯಾಡಿಸಿ, ಹಾಡು ಹೋದ ದಿಕ್ಕಿಗೆ ಓಡಿದ.

ಮನೆಯಲ್ಲಿ ಹೆಂಗಸರು ಉಳಿದರು. ಯಾರೋ ಹೆಣವಿಟ್ಟಿದ್ದ ಜಾಗಕ್ಕೆ ನೀರು ಹಾಕಿ ತೊಳೆದರು. ಗುಲಾಬಿಯನ್ನು ಸ್ನಾನಕ್ಕೆ ಕರೆದುಕೊಂಡು ಹೋದರು. ಮುದ್ದಕ್ಕ ತನ್ನ ಮೂಲೆಯಿಂದ ಕೈಯೂರಿ ಜರುಗುತ್ತಾ ಬಂದು ಸ್ವರ್ಣಲತಾಳ ಕುರ್ಚಿಯ ಕಾಲಿನ ಹತ್ತಿರ ಕೂತಳು. ಸ್ವರ್ಣಲತಾ ಕುರ್ಚಿ ಬಿಟ್ಟು ನೆಲಕ್ಕಿಳಿದು ಅವಳ ಎದುರು ಕೂತಳು.

“ಯಾಕೆ ಅವರು ನನ್ನ ಹತ್ತಿರ ಒಂದು ಮಾತು ಕೇಳ್ಲಿಲ್ಲ ಮುದ್ದಕ್ಕ?”

“ನಾನೂ ಹೇಳಿದೆ, ಹೋಗಿ ಕೇಳು ಅಂತ. ಕೇಳ್ಲಿಕ್ಕಿಲ್ಲ ಅಕ್ಕಾ, ಪ್ರಯೋಗ ಮುಗಿದ ಮೇಲೆ ಅವರೇ ಹೇಳ್ಬೇಕು ಅಂತ ಮೇಡಂನ ಪಾಠದಲ್ಲೇ ಉಂಟು ಅಂದ. ನನ್ನದು ಇನ್ನೂ ಮುಗಿಯಲಿಲ್ಲ ಅಷ್ಟೇ, ಅಂದ.”

“ಕಾದರಾ?”

“ಕಾಯದೆ ಮತ್ತೆ? ರಿಟೈರ್ ಆಗುವ ದಿನ ಹೊಸ ಅಂಗಿ ಹಾಕಿ ಹೋದ, ಇವತ್ತು ಹೇಳ್ತಾರೆ ಅಂತ. ಸಂಜೆ ಬಂದು, ಇವತ್ತೂ ಧೈರ್ಯ ಬರಲಿಲ್ಲ ಅವರಿಗೆ ಪಾಪ, ಅಂತ ನಕ್ಕ.” ಮುದುಕಿ ಎಲೆಯಡಿಕೆಯನ್ನು ಉಗುಳಿ ಬಾಯಿ ಒರೆಸಿಕೊಂಡಳು. “ಬೇಸರ ಇರಲಿಲ್ಲ ಮೇಡಂ ಅವನಿಗೆ. ಒಂದೇ ಹೆದರಿಕೆ. ನೀವು ಹೇಳುವಾಗ ಇವನಿಗೆ ಮೊದಲೇ ಗೊತ್ತಿತ್ತು ಅಂತ ನಿಮಗೆ ಗೊತ್ತಾಗ್ಬಾರ್ದು. ಅದಕ್ಕೆ ಆಗಷ್ಟೇ ಗೊತ್ತಾದ ಹಾಗೆ ಒಂದು ಮುಖ ತಯಾರು ಮಾಡಿ ಇಟ್ಟಿದ್ದ. ನನ್ನ ಹತ್ತಿರ ಬಂದು ತೋರಿಸಿ, ಸರಿ ಉಂಟಾ ಅಕ್ಕಾ, ಜಾಸ್ತಿ ಆಯ್ತಾ, ಅಂತ ಕೇಳ್ತಿದ್ದ.”

ಸ್ವರ್ಣಲತಾ ಹೆಣವಿಟ್ಟಿದ್ದ ಒದ್ದೆ ನೆಲದ ಕಡೆ ನೋಡಿದಳು.

“ಈಗ ಹೇಳಿ,” ಎಂದಳು ಮುದ್ದಕ್ಕ.

“ಎಂತ ಹೇಳುದು?”

“ಅವನಿಗೆ ಹೇಳ್ಲಿಕ್ಕಿದ್ದದ್ದು. ಅವನು ಇಲ್ಲ, ನಾನು ಇದ್ದೇನಲ್ಲ. ಹೇಳಿ.”

ಸ್ವರ್ಣಲತಾ ಸೆರಗು ಸರಿಮಾಡಿಕೊಂಡಳು. ಒಮ್ಮೆ ಗಂಟಲು ಸರಿಪಡಿಸಿಕೊಂಡಳು. ದೂರದಲ್ಲಿ ಹಾಡು ಇನ್ನೂ ಕೇಳುತ್ತಿತ್ತು. ಪದಗಳು ಕರಗಿ ಧಾಟಿ ಮಾತ್ರ ಉಳಿದಿತ್ತು.

“ಬೋಜಣ್ಣ,” ಎಂದಳು. “ನಾನು ನಿಮಗೆ ಕೊಟ್ಟ ಹಾಳೆಯಲ್ಲಿ ನಾಲ್ಕು ಘಟನೆಗಳಿದ್ದವು. ಅದರಲ್ಲಿ ಮೂರು ಮಾತ್ರ ನಿಜ. ಮೂರನೆಯದು ಸುಳ್ಳು. ನಾನೇ ಬರೆದದ್ದು. ನನ್ನನ್ನು ಕ್ಷಮಿಸಿ.”

ಮುದ್ದಕ್ಕನ ಹುಬ್ಬುಗಳು ನಿಧಾನಕ್ಕೆ ಮೇಲೇರಿದವು. ಪೊರೆಗಟ್ಟಿದ ಕಣ್ಣುಗಳು ಅಗಲವಾದವು. ಎರಡೂ ಅಂಗೈಗಳು ಕೆನ್ನೆಗೆ ಬಂದವು. ಒಂದೂ ಹಲ್ಲಿಲ್ಲದ ಬಾಯಿ, ಎಲೆಯಡಿಕೆಯಿಂದ ಕೆಂಪಾದದ್ದು, ಜಾತ್ರೆಯಲ್ಲಿ ಹುಲಿವೇಷ ಕಂಡ ಮಗುವಿನ ಬಾಯಿಯ ಹಾಗೆ ದೊಡ್ಡದಾಗಿ ತೆರೆದುಕೊಂಡಿತು.